ನೆಟ್ಟವರು ನೋಡಬಾರದ ಹೂವು

ಎದುರು ಮನೆಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಕರಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಸಿ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು. ಅವಳ ಗಂಡ ಆಗಲೇ ತಮ್ಮ ಅಂಗಳದಲ್ಲಿ ಗುಂಡಿ ತೋಡಿ, ತಿಪ್ಪೆಗೊಬ್ಬರ ಹಾಕಿ, ಸಲಿಕೆಗೆ ಒರಗಿ ನಿಂತಿದ್ದ. "ಅಕ್ಕಾರ, ನಿಮ್ಮ ಕೈಗುಣ ಛಲೋ ಐತಂತ. ನೀವಾ ಬಂದು ಹಚ್ಚಿಬಿಡ್ರಿ" ಎಂದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಮೊಣಕಾಲು ನೋವು ಎಂದೆ, ಬಗ್ಗಲು ಬರುವುದಿಲ್ಲ ಎಂದೆ, ಒಲೆಯ ಮೇಲೆ ಬೇಳೆ ಇಟ್ಟಿದ್ದೇನೆ ಎಂದೆ. ಎಲ್ಲವೂ ಸುಳ್ಳು. ಕೊನೆಗೆ ತಡೆಯಲಾರದೆ, "ಅದು ಹೂ ಬಿಡೋ ಗಿಡ ಏನಬೇ?" ಎಂದು ಕೇಳಿದೆ. "ಹೂ ಬಿಡಲಾರದ ಗಿಡ ಎಲ್ಲಿರ್ತಾವ್ರಿ ಅಕ್ಕಾರ" ಎಂದು ನಕ್ಕಳು. ಅವಳಿಗೇನು, ನಗುತ್ತಾಳೆ.

ನೀವೂ ನಗಿ. ಸಿಂಧನೂರಿನಲ್ಲಿ ಸಂಸಾರ ಹೂಡಿ ಇಷ್ಟು ಕಾಲವಾದರೂ ನಾನು ನೆಟ್ಟ ಮರ ಅಂತ ಒಂದೂ ಇಲ್ಲ. ಕೊತ್ತಂಬರಿ ಬಿತ್ತುತ್ತೇನೆ, ಮೆಂತ್ಯ ಬಿತ್ತುತ್ತೇನೆ, ಹೀರೆಬಳ್ಳಿಗೆ ಚಪ್ಪರ ಕಟ್ಟುತ್ತೇನೆ. ಆಳೆತ್ತರ ಮೀರುವ ಯಾವುದನ್ನೂ ಮುಟ್ಟುವುದಿಲ್ಲ. ಸಲಹೆ ಬೇಕಾದರೆ ಕೂತಲ್ಲಿಂದಲೇ ಕೊಡುತ್ತೇನೆ. ಮನೆ ಪಡುವಣಕ್ಕೆ ಮುಖ ಮಾಡಿದ್ದರೆ ಹೊಂಗೆ ಹಚ್ಚಿ, ಗೋಡೆಯಿಂದ ದೂರ ಹಚ್ಚಿ, ಕರೆಂಟಿನ ತಂತಿಯ ಕೆಳಗಂತೂ ಬೇಡವೇ ಬೇಡ, ಬಾದಾಮಿ ಹಚ್ಚಿದರೆ ಓಣಿಯ ಹುಡುಗರ ಕಲ್ಲೇಟಿಗೆ ಕಿಟಕಿ ಗಾಜು ಬಿಟ್ಟುಕೊಡಿ. ಎಲ್ಲರೂ ಯಾವ ಗಿಡ, ಯಾವ ಗಿಡ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ತಲೆ ಕೆಡುವುದು ಅದನ್ನು ಗುಂಡಿಗೆ ಇಳಿಸುವ ಕೈ ಯಾರದು ಎಂಬುದಕ್ಕೆ. ಈ ಅಂಜಿಕೆ ಎಲ್ಲಿಂದ ಬಂತೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ನೇರವಾಗಿ ಹೇಳಿ ನನಗೆ ರೂಢಿಯಿಲ್ಲ.

ಹುಟ್ಟಾ ಪುಕ್ಕಲಿ ನಾನು. ಮಸ್ಕಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಹಿತ್ತಲಿಂದ ಗುಡ್ಡ ಕಾಣುತ್ತಿತ್ತು. ಗುಡ್ಡದ ತುಂಬ ಒಂದರ ಮೇಲೊಂದು ಕೂತ ಬಂಡೆಗಳು. ಎಂದೋ ಒಂದು ದಿನ ಅವು ಉರುಳಿ ನಮ್ಮ ಮನೆಗೇ ಬರುತ್ತವೆ, ಅದರಲ್ಲೂ ನಾನು ಬಚ್ಚಲಲ್ಲಿದ್ದಾಗಲೇ ಬರುತ್ತವೆ ಎಂದು ನನಗೆ ಖಾತ್ರಿಯಿತ್ತು. ಹಾಗಾಗಿ ಸ್ನಾನವೆಂದರೆ ಎರಡು ಚೊಂಬು ನೀರು ಸುರಿದುಕೊಂಡು ಓಡಿ ಬರುವುದು. ಹಲ್ಲಿ ಕಂಡರೆ ಅಂಜಿಕೆ, ಹಿಟ್ಟಿನ ಗಿರಣಿಯ ಪಟ್ಟಿ ತಿರುಗಿದರೆ ಅಂಜಿಕೆ, ಯಾರಾದರೂ ಜೋರಾಗಿ ಸೀನಿದರೆ ಅಂಜಿಕೆ. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಸಾಲಗುಂದದಿಂದ ಬಂದು ನಮ್ಮ ಜೊತೆಯೇ ಇದ್ದಳು. "ಇದು ಹೊಟ್ಟ್ಯಾಗಿದ್ದಾಗ ನಮ್ಮ ಸೊಸಿ ಏನ್ ನೋಡಿ ಬೆಚ್ಚಿದ್ಲೋ ಏನೋ" ಎಂದು ನನ್ನ ತಲೆ ಸವರುತ್ತಿದ್ದಳು. ಅಪ್ಪನಿಗೆ ಲಿಂಗಸುಗೂರಿನ ಕಚೇರಿಗೆ ವರ್ಗವಾದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಅಲ್ಲಿ ನಮ್ಮ ಮನೆಯ ಹತ್ತಿರ ಬಂಡೆಗಳಿರಲಿಲ್ಲ.

ಎಂಬತ್ತರ ದಶಕ ಶುರುವಾದ ಹೊಸತು. ಊರ ಹೊರಗೆ ಜಾಗ ತಗೊಂಡು ಅಪ್ಪ ಒಂದು ಪುಟ್ಟ ಮನೆ ಕಟ್ಟಿಸಿದ. ಸುತ್ತ ಬರೀ ಬಳ್ಳಾರಿ ಜಾಲಿ. ಮನೆಯ ಬಾಗಿಲು ಪಡುವಣಕ್ಕೆ. ಬೇಸಿಗೆಯಲ್ಲಿ ಮಧ್ಯಾಹ್ನವಾಯಿತೆಂದರೆ ಬಿಸಿಲು ನೇರವಾಗಿ ಪಡಸಾಲೆಗೇ ಬಂದು ಕೂರುತ್ತಿತ್ತು. ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಮುಂದೊಂದು ನೆರಳಿನ ಗಿಡ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಗಿಡದ ಹೆಸರು ತೆಗೆದ ಮೇಲೆ.

"ಬೇವು ಹಚ್ಚೂಣು, ತಂಪ ಇರ್ತೈತಿ" ಎಂದ ಅಪ್ಪ.

"ಬ್ಯಾಡಪಾ ಬಸಣ್ಣ" ಎಂದಳು ಅಜ್ಜಿ. "ಬೇವಿನ ಗಿಡಕ್ಕ ಅವ್ವ ಬಂದು ಕುಂದ್ರತಾಳ. ಯಾವಾಕಿಯಾರ ಬಂದು ಹಸರ ಬಳಿ ಕಟ್ಟಿ, ಕುಂಕುಮ ಹಚ್ಚಿಹೋದ್ಲು ಅಂದ್ರ ಮುಗೀತು, ಅಂಗಳ ನಮ್ಮದಲ್ಲ. ಒಂದ್ ಟೊಂಗಿ ಕಡದ್ರೂ ಮೈಮ್ಯಾಲ ಬರ್ತಾಳ."

ದೇವಿ ನಮ್ಮ ಅಂಗಳಕ್ಕೇ ಬಂದು ಕೂತರೆ ನಾನು ಸಾಲೆಗೆ ಹೋಗುವಾಗೆಲ್ಲ ಅವಳನ್ನು ದಾಟಿಯೇ ಹೋಗಬೇಕಲ್ಲ ಎಂದು ನೆನೆದೆ. ಬೇವು ಬೇಡ ಎಂದು ಅತ್ತೆ. ಅವ್ವ ನುಗ್ಗೆಯ ಹೆಸರು ತೆಗೆದಳು, ಸಾರಿಗಾಗುತ್ತದೆಂದು. ನುಗ್ಗೆ ಗಿಡ ಮನೆ ಮುಂದೆ ಬೇಡ, ದೆವ್ವಗಳು ಜೋತಾಡುತ್ತವೆ ಎಂದಳು ಅಜ್ಜಿ. ಹುಣಸೆಯ ಹೆಸರನ್ನು ಯಾರೂ ತೆಗೆಯಲೇ ಇಲ್ಲ. ಅದರ ಕೆಳಗೆ ಯಾರು ವಾಸವಿರುತ್ತಾರೆಂದು ನಮಗೆಲ್ಲ ಗೊತ್ತಿತ್ತು. ವಳಕಮದಿನ್ನಿಯ ಕಡೆ ಕಾಲುವೆ ನೀರು ಬರುವ ಊರುಗಳಲ್ಲಿ ಮನೆ ಮುಂದೆ ತೆಂಗು ಹಚ್ಚಿದ್ದನ್ನು ಅಪ್ಪ ಕಂಡು ಬಂದಿದ್ದ. ನಮ್ಮಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ಸಾಲಲ್ಲಿ ನಿಲ್ಲಬೇಕು, ತೆಂಗಿಗೆಲ್ಲಿಂದ ತರೋಣ? ಅಲ್ಲದೆ ಕಾಯಿ ನನ್ನ ತಲೆಯ ಮೇಲೇ ಬೀಳುವುದಿತ್ತು. ಆಗ ಎಲ್ಲೆಲ್ಲೂ ನೀಲಗಿರಿಯ ಹುಚ್ಚು. ಅದು ಭೂಮಿಯ ನೀರನ್ನೆಲ್ಲ ಹೀರುತ್ತದೆಂದು ಸುದ್ದಿಯಿತ್ತು. ಮಲಗಿದ್ದಾಗ ನಮ್ಮನ್ನೂ ಹೀರಿದರೆ? ಅಶೋಕ ಹಚ್ಚಿದರೆ ಮನೆಗೆ ಅಂದ ಎಂದು ಯಾರೋ ಅಂದರು. ಮಡಿಸಿಟ್ಟ ಕೊಡೆಯ ಹಾಗೆ ನಿಲ್ಲುವ ಆ ಮರದ ನೆರಳು ಅದಕ್ಕೇ ಸಾಲುವುದಿಲ್ಲ. ಉಳಿದದ್ದು ಹೊಂಗೆ. ಅದಕ್ಕೆ ಅಜ್ಜಿ ಕೂಡ ಏನೂ ಕೆಟ್ಟದ್ದು ಹೇಳಲಿಲ್ಲ. ಅಂದೇ ಹೊಂಗೆ ನೆಟ್ಟುಬಿಟ್ಟಿದ್ದರೆ ನನ್ನ ಅರ್ಧ ಆಯುಷ್ಯ ನೆಮ್ಮದಿಯಿಂದ ಕಳೆಯುತ್ತಿತ್ತು.

ಆದರೆ ಅಪ್ಪ ಕಚೇರಿಯಿಂದ ಸೈಕಲ್ ತುಳಿದು ಬರುವ ದಾರಿಯಲ್ಲಿ ಐಬಿ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆ, ಇತ್ತು, ಐಬಿಯ ಅಂಗಳದಲ್ಲಿ ಒಂದು ಗುಲ್‌ಮೊಹರ್ ಇತ್ತು, ಮತ್ತು ಅದು ಮೇ ತಿಂಗಳಾಗಿತ್ತು. ಊರೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದಾಗ ಆ ಒಂದು ಮರ ಮೈತುಂಬ ಕೆಂಪು ಹೊದ್ದು ನಿಂತಿರುತ್ತಿತ್ತು. ಅಪ್ಪ ಅಲ್ಲಿ ಸೈಕಲ್ ನಿಲ್ಲಿಸಿ ಬೆವರು ಒರೆಸಿಕೊಂಡು ನೋಡುತ್ತಿದ್ದನಂತೆ. ನಮ್ಮಪ್ಪ ಜೀವಮಾನದಲ್ಲಿ ಏನನ್ನೂ ತನಗಾಗಿ ಆಸೆಪಟ್ಟವನಲ್ಲ. ಅಂಗಿ ಹರಿದರೆ ಅವ್ವನೇ ಬೈದು ಹೊಸದು ಹೊಲಿಸಬೇಕು. ಅಂಥವನು ಮಳೆ ಬಿದ್ದ ಮೇಲೆ ಒಂದು ಸಂಜೆ ಸೈಕಲ್ಲಿನ ಹಿಂದೆ ಸಸಿ ಕಟ್ಟಿಕೊಂಡು ಬಂದು, "ಇದಾ ಇರ್ಲಿ" ಎಂದ. ಗುಲ್‌ಮೊಹರಿನ ಟೊಂಗೆ ಗಾಳಿಗೆ ಮುರಿಯುತ್ತದೆ, ಬೇರು ಗೋಡೆ ಎತ್ತುತ್ತದೆ, ಬಿಸಿಲು ಏರುವಾಗಲೇ ಎಲೆ ಉದುರಿಸಿ ಬೋಳಾಗುತ್ತದೆ ಎಂದು ಈಗ ನಾನು ನೂರು ಜನಕ್ಕೆ ಹೇಳಬಲ್ಲೆ. ಅಂದು ಯಾರೂ ಏನೂ ಅನ್ನಲಿಲ್ಲ. ಅಪ್ಪ ತಾನೇ ಮೊಣಕಾಲೂರಿ ನೆಟ್ಟ.

ಸಸಿಗೆ ಇನ್ನೂ ಎರಡು ಹೊಸ ಎಲೆ ಬಂದಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಪಕ್ಕದ ಮನೆಯ ಈರಮ್ಮ ಗೋಡೆಯ ಮೇಲೆ ಮೊಣಕೈ ಊರಿ, "ಇದನ್ನ ಯಾರು ಹಚ್ಚಿದ್ರಬೇ ಗಿರಿಜಾ?" ಎಂದಳು.

"ನಮ್ಮಪ್ಪ."

"ಅಯ್ಯಯ್ಯ ನಮ್ಮವ್ವ!" ಎಂದು ಬಾಯಿಗೆ ಕೈ ಇಟ್ಟುಕೊಂಡಳು. "ಹಚ್ಚಿದಾವ್ರ ಕಣ್ಣಿಗಿ ಈ ಗಿಡದ ಮ್ಯಾಲಿನ ಹೂ ಬೀಳಬಾರದು ನೋಡಬೇ. ಬಿತ್ತಂದ್ರ ಮುಂದಿನ ಬ್ಯಾಸಿಗಿ ಹೂವಿಗಿ ಅವರು ಉಳಿಯಂಗಿಲ್ಲ. ನಮ್ಮ ತವರಮನಿ ಕಡಿ ಎಲ್ಲಾರಿಗೂ ಗೊತ್ತೈತಿ." ಇಷ್ಟು ಹೇಳಿ, ಒಂದು ಬಟ್ಟಲು ಮಜ್ಜಿಗೆ ಕೇಳಿ ಇಸಿದುಕೊಂಡು ಹೋದಳು.

ಆ ಸಂಜೆ ಅಪ್ಪ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ತಿನ್ನುವುದನ್ನೇ ನೋಡುತ್ತ ಕೂತೆ. ಎಷ್ಟು ಒಳ್ಳೆಯ ಅಪ್ಪ, ಹೂ ನೋಡಿ ಸಾಯುತ್ತಾನಲ್ಲ ಎಂದುಕೊಂಡೆ. ಮರುದಿನ ಅಪ್ಪ ಕಚೇರಿಗೆ ಹೋದದ್ದೇ ತಡ, ಅವ್ವನ ಸೀರೆ ಹಿಡಿದುಕೊಂಡು ಎಲ್ಲ ಹೇಳಿಬಿಟ್ಟೆ.

"ಹುಚ್ಚಿ. ಈರಮ್ಮನ ಮಾತು ಕೇಳಿ ಜ್ವರ ಬರಿಸಿಕೊಂತಿ ಏನ?" ಎಂದು ಅವ್ವ ನನ್ನ ತಲೆಗೊಂದು ಮೊಟಕಿದಳು. ಆದರೆ ಮಧ್ಯಾಹ್ನ ನಾನು ನೀರು ಕುಡಿಯಲು ಎದ್ದು ಬಾಗಿಲ ಸಂದಿಯಿಂದ ನೋಡಿದರೆ, ಅವ್ವ ಅಂಗಳದಲ್ಲಿ ಕುರ್ಪಿ ಹಿಡಿದು ಕೂತಿದ್ದಾಳೆ. ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಮೇಲೆತ್ತಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಅತ್ತಿತ್ತ ನೋಡಿ, ಅದೇ ಗುಂಡಿಗೆ ತನ್ನ ಕೈಯಿಂದ ಮತ್ತೆ ಇಳಿಸಿದಳು. ಮಣ್ಣು ಒತ್ತಿದಳು, ನೀರು ಹಾಕಿದಳು, ಕೈ ಮುಗಿದಳು. ಎದ್ದು ತಿರುಗಿದಾಗ ನನ್ನ ಕಣ್ಣು ಕಂಡಿತು. "ನಿಮ್ಮಪ್ಪಗ ಹೇಳಿದಿ ಅಂದ್ರ ಕಾಲ ಮುರೀತೀನಿ" ಎಂದಳು.

ಅಪ್ಪ ಉಳಿದ ಎಂದು ಎರಡು ಹೊತ್ತು ಹಗುರಾಗಿ ಓಡಾಡಿದೆ. ಆಮೇಲೆ ಹೊಳೆಯಿತು. ಈಗ ನೆಟ್ಟವಳು ಅವ್ವ! ಅಪ್ಪನಿಲ್ಲದ ಮನೆಯನ್ನಾದರೂ ಅತ್ತು ಕರೆದು ಊಹಿಸಿಕೊಂಡಿದ್ದೆ. ಅವ್ವನಿಲ್ಲದ ಮನೆಯನ್ನು ಊಹಿಸಲು ಹೋದರೆ ಒಲೆಯ ಮುಂದೆ ಬರೀ ಕತ್ತಲು ಕಾಣುತ್ತಿತ್ತು. ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ತೊಡೆಯ ಮೇಲೆ ಬಿದ್ದು ಬಿಕ್ಕಿದೆ. ಅಜ್ಜಿ ಎಲ್ಲ ಕೇಳಿ ಬತ್ತಿಗಳನ್ನು ಡಬ್ಬಿಗೆ ಹಾಕಿದಳು.

"ಅದರದೇನು ಅಷ್ಟು ಫಿಕರ್? ನನ್ನ ಪಾಳಿ ಹೆಂಗೂ ಹತ್ರ ಬಂದೈತಿ. ಆಕಿ ಇನ್ನಾ ಬಾಳುವೆ ಮಾಡಾಕಿ."

ಮರುದಿನ ಅವ್ವ ಗಿರಣಿಗೆ ಜೋಳ ಬೀಸಲು ಹೋದಾಗ ಅಜ್ಜಿ ನನ್ನ ಭುಜ ಹಿಡಿದು ಅಂಗಳಕ್ಕಿಳಿದಳು. ನರಳುತ್ತ ಕುಕ್ಕರುಗಾಲಲ್ಲಿ ಕೂತು, ಸಸಿ ಕಿತ್ತು, ಮತ್ತೆ ನೆಟ್ಟಳು. "ಇನ್ನ ಇದು ನಂದು. ನಿಮ್ಮವ್ವಗ ಬಿಲ್ಕುಲ್ ಹೇಳಬ್ಯಾಡ" ಎಂದು ಎದ್ದಳು. ಈ ಸಲ ನಾನು ಯಾರಿಗೂ ಹೇಳಲಿಲ್ಲ. ಹೇಳಲು ನನ್ನನ್ನು ಬಿಟ್ಟರೆ ಇನ್ಯಾರೂ ಉಳಿದಿರಲಿಲ್ಲ. ನನ್ನ ಕೈಯಂತೂ ಆ ಸಸಿಯ ಹತ್ತಿರ ಹೋಗುವುದು ಸಾಧ್ಯವಿರಲಿಲ್ಲ.

ಪಾಪ, ಸಸಿ ಜೋತುಬಿದ್ದಿತು. ಅಪ್ಪನಿಗೆ ಚಿಂತೆಯೋ ಚಿಂತೆ. "ಎಲ್ಲಾ ಸರಿ ಐತಿ, ಇದ್ಯಾಕ ಮಾರಿ ಸಣ್ಣದು ಮಾಡಿಕೊಂಡೈತಿ?" ಎಂದು ಬಿಸಿಲಿಗೆ ಬೈದ, ಇರುವೆಗೆ ಬೈದ, ಬೇವಿನ ಹಿಂಡಿ ತಂದು ಹಾಕಿದ. ನಾವು ಮೂವರೂ ಹೆಂಗಸರು ಮೂರು ಕಡೆ ಮುಖ ತಿರುಗಿಸಿಕೊಂಡು ಇರುತ್ತಿದ್ದೆವು. ಅಂತೂ ಅದು ಸಾಯಲಿಲ್ಲ. ಒಂದು ಮಳೆಗಾಲ ಸುಮ್ಮನಿದ್ದು, ಆಮೇಲೆ ನೋಡನೋಡುತ್ತ ಎದ್ದಿತು. ಉಳಿದವರ ಮನೆಯಲ್ಲಿ ಗಿಡ ಬೆಳೆದರೆ ಸಂತೋಷ. ನನಗೆ ಒಂದೊಂದು ಹೊಸ ಟೊಂಗೆ ಬಂದಾಗಲೂ ದಿಗಿಲು. ಸಾಲೆಯ ಗೆಳತಿಯರು ಐಬಿಯ ಮರದ ಕೆಳಗೆ ಗುಲ್‌ಮೊಹರಿನ ಹುಳಿ ಪಕಳೆ ತಿನ್ನುತ್ತಿದ್ದರು, ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಜಗಳವಾಡಿಸುತ್ತಿದ್ದರು. ನಾನು ದೂರ ನಿಂತು, ನಮ್ಮಜ್ಜಿಯ ತಲೆಯೇ ಕಿತ್ತು ಬಿದ್ದಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಅಜ್ಜಿ ಮಾತ್ರ ಮೊದಮೊದಲು ರಾಣಿಯ ಹಾಗಿದ್ದಳು. ಹಬ್ಬಕ್ಕೆ ಒಂದು ಹೋಳಿಗೆ ಹೆಚ್ಚು ಹಾಕಿಸಿಕೊಂಡು, "ತಿಂತೀನಿ ಬಿಡ್ರಿ, ಎಷ್ಟ ದಿನದಾಕಿ ನಾನು" ಎಂದು ನನಗೆ ಕಣ್ಣು ಹೊಡೆಯುತ್ತಿದ್ದಳು. ಒಮ್ಮೆ ನಾನು ಅವಳ ಜಡೆ ಹಾಕುತ್ತಿದ್ದಾಗ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡಳು. "ಗಿರಿಜಾ, ನನಗೂ ಅಂಜಿಕಿ ಬರತೈತಿ ಬೇ" ಎಂದಳು. ಜಡೆ ಬಿಚ್ಚಿ ಮತ್ತೆ ಮೊದಲಿಂದ ಹಾಕಿದೆ.

ಗಿಡ ಮೇಲೇರಿದಂತೆ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಮೊದಲು ಸೂಜಿಗೆ ದಾರ ಪೋಣಿಸುವುದು ನಿಂತಿತು, ಆಮೇಲೆ ಮುಖಗಳು ಹೋದವು, ಕೊನೆಗೆ ಧ್ವನಿಯಿಂದಲೇ ನಮ್ಮನ್ನು ಗುರುತಿಸುವಂತಾದಳು. ನಾನು ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಬರುತ್ತಿದ್ದ ದಿನ ತಿರುವಿನಿಂದಲೇ ಕಂಡಿತು, ತುದಿಯ ಟೊಂಗೆಯಲ್ಲಿ ಒಂದು ಕೆಂಪು ಚೂರು. ಪರೀಕ್ಷೆಯ ಭಯವೆಲ್ಲ ಎಲ್ಲಿ ಹೋಯಿತೋ, ಓಡಿ ಬಂದೆ. ಅಜ್ಜಿ ಅದಕ್ಕೆ ಮುಖ ಮಾಡಿಯೇ ಕಟ್ಟೆಯ ಮೇಲೆ ಕೂತಿದ್ದಳು. ಸಂಜೆ ಅಪ್ಪ ಬಂದವನೇ ಸೈಕಲ್ ಗೋಡೆಗೆ ಒಗೆದು, "ಯವ್ವಾ, ಗಿಡ ಹೂ ಬಿಟ್ಟೈತಿ!" ಎಂದು ಕೂಗಿದ. ಅಜ್ಜಿ ಬಿಳಿ ಕಣ್ಣುಗಳನ್ನು ಮೇಲೆತ್ತಿ, "ಎಲ್ಲೈತಪಾ? ನನಗ ಬರೇ ಬೆಳಕು ಕಾಣಾಕತ್ತೈತಿ" ಎಂದಳು. ದೇವರೇ, ಈ ಪೊರೆ ಹೀಗೇ ಇರಲಿ ಎಂದು ಬೇಡಿಕೊಂಡೆ. ಅಂಥ ಬೇಡಿಕೆಯನ್ನು ಯಾವ ಮೊಮ್ಮಗಳೂ ಬೇಡಿರಲಾರಳು.

ಆಮೇಲೆ ಪ್ರತಿ ಬೇಸಿಗೆಗೂ ನಮ್ಮ ಮನೆ ಓಣಿಗೇ ಗುರುತಾಯಿತು. ಕೆಂಪು ಗಿಡದ ಮನೆ ಎಂದರೆ ಟಾಂಗಾದವನೂ ತಂದು ಬಿಡುತ್ತಿದ್ದ. ಅಪ್ಪ ಅಜ್ಜಿಗೆ ಕಣ್ಣಿನ ಆಪರೇಷನ್ ಮಾಡಿಸೋಣ ಎನ್ನುತ್ತಿದ್ದ. ಅಜ್ಜಿ ಬೇಡ ಎನ್ನುತ್ತಿದ್ದಳು. "ಕತ್ತಿಗೆ ಅಂಜತಾಳ" ಎಂದು ಅಪ್ಪ ನಗುತ್ತಿದ್ದ. ನಾನು ಅಜ್ಜಿಯ ಪಕ್ಷ ವಹಿಸಿ, "ಬ್ಯಾಡಪ್ಪ, ವಯಸ್ಸಾಗೈತಿ" ಎನ್ನುತ್ತಿದ್ದೆ.

ನನ್ನ ಮದುವೆಯಾಯಿತು, ಸಿಂಧನೂರಿಗೆ ಬಂದೆ, ಮೊದಲ ಹೆರಿಗೆಗೆ ತವರಿಗೆ ಹೋದೆ. ಹೆಣ್ಣು ಕೂಸು. ಅಜ್ಜಿ ಅದನ್ನು ಮಡಿಲಲ್ಲಿ ಹಾಕಿಸಿಕೊಂಡು ಬೆರಳ ತುದಿಯಿಂದ ಹಣೆ ಮುಟ್ಟಿದಳು, ಕಿವಿ ಮುಟ್ಟಿದಳು. "ಮೂಗು ಯಾರದಬೇ?" ಎಂದಳು. "ನಿಂದಾ" ಎಂದೆ.

"ಸುಳ್ಳ ಹೇಳಬ್ಯಾಡ. ನಾನಾ ನೋಡ್ತೀನಿ" ಎಂದು, ಅಪ್ಪನನ್ನು ಕರೆದಳು. "ಬಸಣ್ಣಾ, ಕಣ್ಣಿನ ಶಿಬಿರ ಯಾವಾಗ ಐತಿ ಕೇಳು. ನನ್ನ ಕರಕೊಂಡು ಹೋಗು."

ಅಪ್ಪ ಆಚೆ ಹೋದ ಮೇಲೆ ನಾನು ಅವಳ ಕಾಲು ಹಿಡಿದುಕೊಂಡೆ. ಕಣ್ಣು ಬಂದರೆ ಗಿಡವೂ ಕಾಣುತ್ತದೆ, ಬೇಡ ಎಂದೆ. ಅಜ್ಜಿ ನನ್ನ ಕೆನ್ನೆ ಹುಡುಕಿ ಸವರಿದಳು. "ಎಷ್ಟ ವರ್ಷ ಅಂಜಿಕೊಂಡು ಕತ್ತಲದಾಗ ಕುಂದ್ರಲಿ? ಕೂಸಿನ್ನ ನೋಡಬೇಕು ನಾನು. ಆಮ್ಯಾಲ ಗಿಡ ಏನಾರ ಮಾಡಿಕೊಳ್ಳಲಿ."

ಚಳಿಗಾಲದಲ್ಲಿ ಆಪರೇಷನ್ ಆಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಕೂಸಿನ ಮುಖವನ್ನು ಹತ್ತಿರ ಹಿಡಿದು ನೋಡಿ, "ಮೂಗು ನನ್ನದಲ್ಲ, ಅವರ ಕಡಿದು" ಎಂದು ತೀರ್ಪು ಕೊಟ್ಟಳು. ಅಲ್ಲಿಂದ ಏಪ್ರಿಲ್‌ವರೆಗೆ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮೊಗ್ಗು ಒಡೆದ ಸುದ್ದಿ ತಿಳಿದು ಕೂಸನ್ನು ಕಟ್ಟಿಕೊಂಡು ಲಿಂಗಸುಗೂರಿಗೆ ಹೋದರೆ, ಅಜ್ಜಿ ಕಟ್ಟೆಯ ಮೇಲೆ ಕೂತು ಕುತ್ತಿಗೆ ನೋಯುವಷ್ಟು ಮೇಲೆ ನೋಡುತ್ತಿದ್ದಳು. "ಇಷ್ಟು ಕೆಂಪೇನಬೇ ಇದು! ನೋಡಲಾರದಾ ಹೋಗ್ತಿದ್ನಲ್ಲ!" ಎಂದಳು. ದಿನವಿಡೀ ಒಳಗೆ ಬರಲಿಲ್ಲ, ಊಟವನ್ನೂ ಅಲ್ಲೇ ತರಿಸಿಕೊಂಡಳು.

ಜೂನಿನಲ್ಲಿ ಮಿರಗದ ಮಳೆ ಬಿದ್ದ ವಾರ, ಉಂಡು ಅಡ್ಡಾದವಳು ಏಳಲಿಲ್ಲ.

ತುಂಬಿದ ವಯಸ್ಸು, ಸುಖದ ಸಾವು. ಆದರೆ ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಸುಮ್ಮನೆ ಅಳುವುದಿಲ್ಲ. ಸತ್ತವರ ಬಾಳನ್ನೆಲ್ಲ ಹೇಳಿ ಹೇಳಿ ಅಳುತ್ತಾರೆ. ಈರಮ್ಮ ಬಂದಳು, ಎದೆ ಬಡಿದುಕೊಂಡು ಶುರುಮಾಡಿದಳು. ಅಜ್ಜಿ ಅವಳ ಹತ್ತಿರ ಬಾಯಿ ಬಿಟ್ಟಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. "ಮಗ ಹಚ್ಚಿದ ಗಿಡಾ ಕಿತ್ತು ನೀ ಹಚ್ಚಿದೆಲ್ಲ ನನ್ನವ್ವಾ... ಮಗನ ಸಾವು ನೀ ತಗೊಂಡೆಲ್ಲ ನನ್ನವ್ವಾ... ಹೂ ನೋಡಿ ಹೊಂಟೆಲ್ಲ ನನ್ನವ್ವಾ..." ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಆ ಮಾತು ಕೇಳಿದ. ಮಣ್ಣು ಮಾಡಿ ಬಂದ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಎಲ್ಲಿಂದಲೋ ಕೊಡಲಿ ತಂದು ಗಿಡದ ಬುಡದಲ್ಲಿ ನಿಂತಿದ್ದ. ಇಂಥದ್ದನ್ನೆಲ್ಲ ಕೇಳಿ ನಗುವ ಮನುಷ್ಯ ಅವನು. ಅಂದು ಮುಖ ನೋಡಲು ಆಗುತ್ತಿರಲಿಲ್ಲ. "ಚಂದ ಕಾಣತೈತಿ ಅಂತ ತಂದೆ. ನಮ್ಮವ್ವನ್ನ ತಿಂದ್ತು" ಎಂದು ಕೊಡಲಿ ಎತ್ತಿದ. ಮಳೆಗೆ ಉದುರಿ ಉಳಿದ ನಾಲ್ಕು ಗೊಂಚಲು ಹೂವು ಇನ್ನೂ ಮೇಲಿತ್ತು.

ಅವ್ವ ಒಳಗಿನಿಂದ ಬಂದಳು. ಸೆರಗು ಹಣೆಯವರೆಗೆ ಎಳೆದುಕೊಂಡು, ನೆಲ ನೋಡುತ್ತ ಬಂದು ಕೊಡಲಿಯ ಹಿಡಿ ಹಿಡಿದುಕೊಂಡಳು.

"ಕಡೀಬ್ಯಾಡ್ರಿ. ಅದು ಅತ್ತಿ ಹಚ್ಚಿದ ಗಿಡ ಅಲ್ಲ."

"ಮತ್ತ?"

"ಅವತ್ತ ಗಿರಣಿಯಿಂದ ಬಂದೆ. ಅತ್ತಿ ಉಗುರಾಗ ಮಣ್ಣಿತ್ತು. ನನಗ ತಿಳೀಲಾರದೇನ್ರಿ? ಮರುದಿನ ಅವರು ಮಲಗಿದಾಗ ಕಿತ್ತು ನಾನಾ ಮತ್ತ ಹಚ್ಚೀನಿ. ಹೇಳಿದ್ರ ಮತ್ತ ಬಂದು ಕೀಳತಿದ್ರು, ಸಸಿ ಸಾಯ್ತಿತ್ತು. ಕಡೀಕ ಹಚ್ಚಿದಾಕಿ ನಾನು. ಅದು ತಗೊಳ್ಳೋದಿದ್ರ ನನ್ನ ತಗೋಬೇಕಿತ್ತು, ಅವರನ್ನಲ್ಲ."

ಆಗ ನನಗೆ ಎಲ್ಲ ಒಮ್ಮೆಲೇ ತಿಳಿಯಿತು. ಗಿಡ ಹೂ ಬಿಡಲು ತೊಡಗಿದಂದಿನಿಂದ ಅವ್ವ ಬೇಸಿಗೆಯಲ್ಲಿ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದಳು. ಅಂಗಳ ಗುಡಿಸುವುದು ನನ್ನ ಪಾಲಿಗೆ ಬಂದಿತ್ತು. ಮುಂದೆ ಬರಲೇಬೇಕಾದರೆ ಸೆರಗು ಎಳೆದು ನೆಲ ನೋಡುತ್ತ ನಡೆಯುತ್ತಿದ್ದಳು. ಬಿಸಿಲಿಗೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಊರೆಲ್ಲ ನಿಂತು ನೋಡುತ್ತಿದ್ದ ಗಿಡವನ್ನು ನಮ್ಮವ್ವ ಒಂದು ವರ್ಷವೂ ನೋಡಿರಲಿಲ್ಲ.

"ನೋಡ್ರಿ ಈಗ" ಎಂದು ಅವ್ವ ಸೆರಗು ಹಿಂದೆ ಸರಿಸಿ ತಲೆ ಎತ್ತಿದಳು.

ಅಪ್ಪ ಕೊಡಲಿ ಬಿಟ್ಟು ನುಗ್ಗಿ ತನ್ನ ಅಂಗೈಯಿಂದ ಅವಳ ಕಣ್ಣು ಮುಚ್ಚಿದ. "ಬ್ಯಾಡ! ನೋಡಬ್ಯಾಡಬೇ ನೀನು!" ಎಂದ. ಅಪ್ಪ ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವ್ವ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಅದಾದ ವರ್ಷವನ್ನು ಹೇಗೆ ಕಳೆದೆವೆಂದು ಕೇಳಬೇಡಿ. ಏನಾದರೊಂದು ನೆವ ಮಾಡಿಕೊಂಡು ನಾನು ಸಿಂಧನೂರಿನಿಂದ ಓಡೋಡಿ ಹೋಗುತ್ತಿದ್ದೆ. ಅಪ್ಪ ಅವ್ವನಿಗೆ ಕೊಡ ಎತ್ತಲು ಬಿಡುತ್ತಿರಲಿಲ್ಲ, ಸ್ಟೂಲ್ ಹತ್ತಲು ಬಿಡುತ್ತಿರಲಿಲ್ಲ. ಕೆಮ್ಮಿದರೆ ದವಾಖಾನೆ, ಆಕಳಿಸಿದರೆ ದವಾಖಾನೆ. "ಅಪ್ಪ ಮಗಳು ಕೂಡಿ ನನ್ನ ಬದುಕಾಕ ಬಿಡವಲ್ಲಿರಿ" ಎಂದು ಅವ್ವ ಸಿಡುಕುತ್ತಿದ್ದಳು. ದೀಪಾವಳಿಗೊಮ್ಮೆ ಅವಳಿಗೆ ಜ್ವರ ಬಂತು. ಅಪ್ಪ ಊಟ ಬಿಟ್ಟು ಹಾಸಿಗೆಯ ಪಕ್ಕ ಕೂತಿದ್ದ, ನಾನು ಆ ಕಡೆ ಕೂತಿದ್ದೆ. ಒಬ್ಬರ ಮುಖ ಒಬ್ಬರು ನೋಡಲು ಧೈರ್ಯವಿರಲಿಲ್ಲ. ಜ್ವರ ಇಳಿಯಿತು.

ಮತ್ತೆ ಏಪ್ರಿಲ್ ಬಂತು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಒಬ್ಬಳೇ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಚಹಾ ಕುಡಿದರು. ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡು ಕೂತಿದ್ದೆ. ಲಿಂಗಸುಗೂರಿನಲ್ಲಿ ಇಳಿದು ಓಣಿಯ ತಿರುವಿಗೆ ಬಂದರೆ ಮಾಳಿಗೆಗಳ ಮೇಲೆ ಆ ಕೆಂಪು ಎದ್ದು ನಿಂತಿದೆ. ಹತ್ತಿರ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಯಾರೂ ಕಾಣಲಿಲ್ಲ, ಒಲೆ ಹೊತ್ತಿಸಿದ ವಾಸನೆಯಿರಲಿಲ್ಲ. ಕಟ್ಟೆಯ ಮೇಲೆ ಅಪ್ಪ ಒಬ್ಬನೇ, ಮೊಣಕಾಲ ಮೇಲೆ ಕೈಯಿಟ್ಟು, ತಲೆ ಕೆಳಗೆ ಹಾಕಿ ಕೂತಿದ್ದ.

"ಅಪ್ಪಾ" ಎಂದೆ. "ಅವ್ವ ಎಲ್ಲಿ?"

ಅಪ್ಪ ತಲೆ ಎತ್ತಲಿಲ್ಲ. ಸುಮ್ಮನಿರು ಎಂಬಂತೆ ತುಟಿಯ ಮೇಲೆ ಬೆರಳಿಟ್ಟ. ಮಾಳಿಗೆಯ ಮೇಲಿಂದ, ಹೂವಿನ ಟೊಂಗೆಗಳ ನಡುವಿನಿಂದ, ಸಂಡಿಗೆ ಕಾಯುತ್ತ ಕಾಗೆಗಳ ಏಳು ಜನ್ಮ ಜಾಲಾಡಿಸುತ್ತಿದ್ದ ಅವ್ವನ ಧ್ವನಿ ಕೇಳಿಬಂತು.

"ಮುಂಜಾನಿಂದ ಬೈಯಾಕತ್ತಾಳ" ಎಂದ ಅಪ್ಪ ಮೆಲ್ಲಗೆ. "ಕುಂದ್ರಬೇ. ನಾ ಕೇಳಾಕತ್ತೀನಿ."